ತೆರೆಯದ ಯುಪಿವಿಸಿ ಕಿಟಕಿಯನ್ನು ತೆರೆಯುವಂತೆ ಮಾಡಿಸಿದ ಅನುಭವ

ಮೈಸೂರಿನಲ್ಲಿ ನಾವು ಕೊಂಡ ಮನೆಯ ನೆಲಮಹಡಿಯಲ್ಲಿ, ರಸ್ತೆಯ ಕಡೆಗೆ, ಹಿಂದಿನವರು ಆಫೀಸಾಗಿ ಬಳಸುತ್ತಿದ್ದ ಒಂದು ಕೋಣೆಯಿದೆ. ಅದರ ಪಶ್ಚಿಮದ ಗೋಡೆಯಲ್ಲಿ 900 ಮಿ.ಮೀ. ಅಗಲ, 1200 ಮಿ.ಮೀ. ಎತ್ತರದ ಬಿಳಿ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ, ಕಿಟಕಿಯೊಂದಿತ್ತು. ಗಾಜು ನೇರವಾಗಿ ಚೌಕಟ್ಟಿನೊಳಗೇ ಕೂತಿತ್ತು. ತೆರೆಯುವ ಭಾಗವೆಂಬುದೇ ಇರಲಿಲ್ಲ. ಎಸಿ ಹಾಕಿಕೊಂಡು ಹಗಲಲ್ಲಿ ಕೆಲಸ ಮಾಡುವವರಿಗೆ ಅದು ಸಾಕಾಗಿದ್ದಿರಬಹುದು. ಆದರೆ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಅಪ್ಪನಿಗೆ ಮಹಡಿ ಹತ್ತಿ ಇಳಿಯುವುದು ಕಷ್ಟವಾಗಿ, ಆ ಕೋಣೆಯನ್ನೇ ಅವರ ಮಲಗುವ ಕೋಣೆಯನ್ನಾಗಿ ಮಾಡಬೇಕಾಗಿ ಬಂದಾಗ, ತೆರೆಯದ ಕಿಟಕಿ ದೊಡ್ಡ ತೊಡಕಾಯಿತು. ಅಪ್ಪನಿಗೆ ಎಸಿಯ ಗಾಳಿ ಆಗುವುದಿಲ್ಲ. ಬೇಸಿಗೆಯ ಸಂಜೆಯ ಬಿಸಿಲು ಗಾಜಿನ ಮೂಲಕ ನೇರವಾಗಿ ಒಳಗೆ ಬರುತ್ತಿತ್ತು, ಬಂದ ಶಾಖಕ್ಕೆ ಹೊರಹೋಗುವ ದಾರಿಯಿರಲಿಲ್ಲ. ಎದುರು ಗೋಡೆಯಲ್ಲಿ ಬಾಗಿಲು, ಬಾಗಿಲಿನಾಚೆ ಹಜಾರದ ಕಿಟಕಿಗಳು ಇದ್ದುದರಿಂದ, ಈ ಒಂದು ಕಿಟಕಿ ತೆರೆಯುವಂತಾದರೆ ಗಾಳಿ ಕೋಣೆಯನ್ನು ಹಾದು ಆಚೆಗೆ ಹೋಗುತ್ತದೆ ಎಂಬುದು ಸ್ಪಷ್ಟವಾಗಿತ್ತು.

ಕೇಳಿದವರಲ್ಲಿ ಹೆಚ್ಚಿನವರು ಇಡೀ ಕಿಟಕಿಯನ್ನು ಕಿತ್ತು ಹೊಸದನ್ನು ಹಾಕಿಸಿ ಎಂದರು. ಹಾಗೆ ಮಾಡಿದರೆ ಕೆಳಗಿನ ಗ್ರಾನೈಟ್ ಪಟ್ಟಿ ಏಳುತ್ತದೆ, ಸುತ್ತಲಿನ ಗಾರೆ ಒಡೆಯುತ್ತದೆ, ಕೋಣೆಗೆ ಮತ್ತೆ ಬಣ್ಣ ಹೊಡೆಸಬೇಕಾಗುತ್ತದೆ. ಚೌಕಟ್ಟು ಮಾತ್ರ ಎಲ್ಲಿಯೂ ಹಳದಿಗಟ್ಟಿರಲಿಲ್ಲ, ಬಿರುಕು ಬಿಟ್ಟಿರಲಿಲ್ಲ, ಮೂಲೆಗಳ ಬೆಸುಗೆ ಗಟ್ಟಿಯಾಗಿತ್ತು. ಅಂಥದನ್ನು ಒಡೆದು ಎಸೆಯಲು ನನಗೆ ಮನಸ್ಸಾಗಲಿಲ್ಲ. ಇರುವ ಚೌಕಟ್ಟಿನೊಳಗೇ ಒಂದು ಸ್ಯಾಷ್, ಅಂದರೆ ಗಾಜನ್ನು ಹೊತ್ತು ತೆರೆದು ಮುಚ್ಚುವ ಒಳಚೌಕಟ್ಟನ್ನು, ಕೂರಿಸಲು ಸಾಧ್ಯವೇ ಎಂದು ವಿಚಾರಿಸತೊಡಗಿದೆ. ಕೆಲಸ ಮುಗಿದ ಮೇಲೆ ನನಗೆ ಮನದಟ್ಟಾಗಿರುವುದು ಇಷ್ಟು: ಇದನ್ನು ಗಾಜಿಗೆ ಹಿಂಜ್ ಸೇರಿಸುವ ಕೆಲಸವೆಂದು ತಿಳಿಯಬಾರದು, ಇಲ್ಲಿ ಬದಲಾಗುವುದು ಭಾರ ಸಾಗುವ ದಾರಿ. ತೆರೆಯದ ಕಿಟಕಿಯಲ್ಲಿ ಗಾಜಿನ ತೂಕ ಕೆಳಪಟ್ಟಿಯ ಮೇಲೆ ನೇರವಾಗಿ ಕೂತಿರುತ್ತದೆ, ಚೌಕಟ್ಟಿನ ಉಳಿದ ಮೂರು ಬದಿಗಳಿಗೆ ಗಾಳಿಯ ಒತ್ತಡ ತಡೆಯುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ತೆರೆಯುವ ಕಿಟಕಿಯಲ್ಲಿ ಅದೇ ತೂಕ ಒಂದು ಬದಿಯ ಎರಡು ಹಿಂಜ್‌ಗಳಿಗೆ ಜೋತುಬೀಳುತ್ತದೆ. ಆ ಬದಿ, ಆ ಬದಿಯನ್ನು ಗೋಡೆಗೆ ಹಿಡಿದಿರುವ ಬೋಲ್ಟುಗಳು, ಅದರ ಬುಡದ ಮೂಲೆ, ಇಷ್ಟೂ ಆ ಹೊರೆಯನ್ನು ತಾಳಬೇಕು. ಹಾಗಾಗಿ ಪರೀಕ್ಷೆ ಸ್ಯಾಷಿನಿಂದಲ್ಲ, ಹಳೆಯ ಚೌಕಟ್ಟಿನಿಂದ ಆರಂಭವಾಗಬೇಕು.

ಯಾವ ದಿಕ್ಕಿಗೆ ತೆರೆಯಬೇಕು ಎಂಬುದನ್ನು ಗ್ರಿಲ್ ನಿರ್ಧರಿಸಿತು. ನಮ್ಮ ಕಡೆ ಯುಪಿವಿಸಿ ಕಿಟಕಿಗಳು ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತವೆ, ಇಲ್ಲವೇ ಹೊರಕ್ಕೆ ತೆರೆಯುತ್ತವೆ. ಹೊರಕ್ಕೆ ತೆರೆಯುವಲ್ಲಿ ಗ್ರಿಲ್ ಒಳಬದಿಗಿರುತ್ತದೆ. ಈ ಕಿಟಕಿಗೆ ಚೌಕಟ್ಟಿನಿಂದ ಎರಡು ಇಂಚು ಆಚೆಗೆ, ಹೊರಗೋಡೆಯಲ್ಲಿ ಹುಗಿದ ಕಬ್ಬಿಣದ ಗ್ರಿಲ್ ಇತ್ತು. ಹೊರಕ್ಕೆ ತೆರೆದರೆ ಸ್ಯಾಷ್ ಗ್ರಿಲ್ಲಿಗೆ ಬಡಿಯುತ್ತದೆ. ಸರಿಯುವ ಕಿಟಕಿಗೆ ಹಳಿಗಳಿರುವ ಬೇರೆಯೇ ಚೌಕಟ್ಟು ಬೇಕು, ಅದನ್ನು ಹಾಕಿದರೂ ಅರ್ಧ ಭಾಗವಷ್ಟೇ ತೆರೆಯುತ್ತದೆ. ನೆಲಮಹಡಿಯಲ್ಲಿ ಗ್ರಿಲ್ ಇಲ್ಲದೆ ಇರುವಂತಿಲ್ಲ. ಉಳಿದದ್ದು ಒಳಕ್ಕೆ ತೆರೆಯುವ ಬಗೆ. ಅದರಲ್ಲಿಯೂ ಟಿಲ್ಟ್ ಅಂಡ್ ಟರ್ನ್ ಎಂಬ ಯಂತ್ರಾಂಶ, ಅಂದರೆ ಹಿಂಜ್, ಬೀಗ, ಹ್ಯಾಂಡಲುಗಳ ಜೋಡಣೆ, ಹಾಕಿದರೆ ಹ್ಯಾಂಡಲನ್ನು ಅಡ್ಡಕ್ಕೆ ತಿರುಗಿಸಿದಾಗ ಕಿಟಕಿ ಬಾಗಿಲಿನಂತೆ ಪೂರ್ತಿ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದಾಗ ಬುಡ ಅಲ್ಲೇ ಇದ್ದು ತಲೆಯಷ್ಟೇ ಗೇಣುದ್ದಕ್ಕಿಂತ ಕಡಿಮೆ ಒಳಕ್ಕೆ ವಾಲಿ ನಿಲ್ಲುತ್ತದೆ. ರಾತ್ರಿಯಿಡೀ, ಸಣ್ಣ ಮಳೆ ಬರುತ್ತಿದ್ದರೂ, ಹಾಗೆಯೇ ಬಿಡಬಹುದು. ಅಪ್ಪನ ಕೋಣೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಕಾಣಲಿಲ್ಲ.

ಒಳಕ್ಕೆ ತೆರೆಯುವ ಸ್ಯಾಷ್ ಹಳೆಯ ಚೌಕಟ್ಟಿನಲ್ಲಿ ಕೂರುತ್ತದೆಯೇ ಎಂದು ತಿಳಿಯಲು ಮೊದಲು ನೋಡಬೇಕಾದದ್ದು ಬೀಡಿಂಗ್ ಎಲ್ಲಿದೆ ಎಂಬುದನ್ನು. ಗಾಜನ್ನು ಹಿಡಿದಿರುವ ಆ ತೆಳುಪಟ್ಟಿ ಕೋಣೆಯ ಒಳಬದಿಯಲ್ಲಿದ್ದರೆ, ಚೌಕಟ್ಟಿನ ಎದ್ದುನಿಂತ ಅಂಚು ಹೊರಬದಿಯಲ್ಲಿದೆ ಎಂದು ಅರ್ಥ. ಬೀಡಿಂಗ್ ಮತ್ತು ಗಾಜು ತೆಗೆದ ಮೇಲೆ ಉಳಿಯುವ ಆ ಮೆಟ್ಟಿಲಿನಲ್ಲಿ ಸ್ಯಾಷ್ ಬಂದು ಕೂತು, ಮುಚ್ಚಿದಾಗ ಹೊರಅಂಚಿನ ರಬ್ಬರಿಗೆ ಒತ್ತಿಕೊಳ್ಳುತ್ತದೆ. ನಮ್ಮದು ಹಾಗೆಯೇ ಇತ್ತು. ಬೀಡಿಂಗ್ ಹೊರಗಡೆ ಇದ್ದಿದ್ದರೆ ಈ ದಾರಿ ಅಲ್ಲಿಗೇ ನಿಲ್ಲುತ್ತಿತ್ತು.

ಎರಡನೆಯ ಪರೀಕ್ಷೆ ಅಯಸ್ಕಾಂತದ್ದು. ಯುಪಿವಿಸಿ ಪಟ್ಟಿ ಒಳಗೆ ಟೊಳ್ಳು. ಹಲವು ಕೋಣೆಗಳಾಗಿ ವಿಭಾಗಿಸಿದ ಆ ಟೊಳ್ಳಿನಲ್ಲಿ, ದೊಡ್ಡ ಕೋಣೆಯೊಳಗೆ, ಸತು ಲೇಪಿಸಿದ ಉಕ್ಕಿನ ಪಟ್ಟಿಯನ್ನು ತೂರಿಸಿರುತ್ತಾರೆ. ಪ್ಲಾಸ್ಟಿಕ್ಕಿಗೆ ಬಿಗಿತ ಬರುವುದೂ, ಹಿಂಜಿನ ಸ್ಕ್ರೂಗಳಿಗೆ ಹಿಡಿತ ಸಿಗುವುದೂ ಈ ಉಕ್ಕಿನಿಂದಲೇ. ಆದರೆ ತೆರೆಯದ ಸಣ್ಣ ಕಿಟಕಿಗಳಿಗೆ ಖರ್ಚು ಉಳಿಸಲು ಉಕ್ಕು ಹಾಕದೆ ಬಿಡುವುದುಂಟು, ಮೂಲೆಗಳನ್ನು ಬೆಸೆದ ಮೇಲೆ ಅದನ್ನು ಒಳಗೆ ತೂರಿಸಲು ಬರುವುದಿಲ್ಲ. ಕಿಟಕಿ ನೋಡಲು ಬಂದ ಅಂಗಡಿಯ ಹುಡುಗ ಜೇಬಿನಿಂದ ಬಿಲ್ಲೆಯಷ್ಟು ಅಗಲದ ಬಲವಾದ ಅಯಸ್ಕಾಂತವೊಂದನ್ನು ತೆಗೆದು ಚೌಕಟ್ಟಿನ ಮೇಲೆ ಮೆಲ್ಲಗೆ ಸರಿಸುತ್ತ ಹೋದ. ಕೆಳಪಟ್ಟಿಯುದ್ದಕ್ಕೂ ಅದು ಕೈಬಿಟ್ಟೊಡನೆ ಜಾರಿ ಬಿತ್ತು. ಎಡಗಂಬಕ್ಕೆ ಬಂದಾಗ ಮೂಲೆಯಿಂದ ನಾಲ್ಕು ಬೆರಳು ಮೇಲೆ ಟಕ್ಕೆಂದು ಅಂಟಿಕೊಂಡಿತು, ಬಲಗಂಬಕ್ಕೂ ಹಾಗೆಯೇ. ಮೇಲುಪಟ್ಟಿಯಲ್ಲಿ ಮತ್ತೆ ಇಲ್ಲ. “ಮೇಡಂ, ನಿಂತಿರೋ ಎರಡರಲ್ಲೂ ಸ್ಟೀಲ್ ಇದೆ, ಅಡ್ಡಕ್ಕಿಲ್ಲ. ಹಿಂಜ್ ಬರೋದು ನಿಂತಿರೋದಕ್ಕೇ, ಕೆಲಸ ಆಗುತ್ತೆ. ಆದ್ರೆ ಕೆಳಗಡೆ ಮೂಲೇಗೆ ಸಪೋರ್ಟ್ ಕೊಡ್ಲೇಬೇಕು” ಎಂದ. ಅದಕ್ಕೂ ಮೊದಲು ಬಂದಿದ್ದ ಬೇರೊಂದು ಅಂಗಡಿಯವರು ಚೌಕಟ್ಟನ್ನು ಮುಟ್ಟಿಯೂ ನೋಡದೆ ದರ ಹೇಳಿಹೋಗಿದ್ದರು. ಅಯಸ್ಕಾಂತ ಹೊರತೆಗೆದ ಗಳಿಗೆಯಲ್ಲೇ ಈ ಕೆಲಸವನ್ನು ಇವರಿಗೇ ಕೊಡಬೇಕೆಂದು ನಾನು ನಿಶ್ಚಯಿಸಿಬಿಟ್ಟೆ.

ಮುಂದಿನ ತೊಡಕು ಜೋಡಿಯದು. ಒಂದು ತಯಾರಕರ ಚೌಕಟ್ಟಿಗೆ ಇನ್ನೊಬ್ಬರ ಸ್ಯಾಷ್ ಹೊಂದುವುದು ಅಪರೂಪ. ಮೆಟ್ಟಿಲಿನ ಎತ್ತರ, ರಬ್ಬರ್ ಕೂರುವ ತೋಡು, ಯಂತ್ರಾಂಶಕ್ಕೆ ಎದುರಾಗುವ ಮೈ, ಇವುಗಳಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸವಾದರೂ ಕಿಟಕಿ ಸರಿಯಾಗಿ ಮುಚ್ಚದು. ಈ ಕಿಟಕಿ ಮಾಡಿದವರು ಯಾರೆಂದು ಹಿಂದಿನ ಮಾಲೀಕರಿಗೆ ನೆನಪಿರಲಿಲ್ಲ. ಒಂದು ಬೀಡಿಂಗನ್ನು ಬಿಡಿಸಿ ನೋಡಿದಾಗ ಗಾಜಿನ ಅಂಚಿನ ಹಿಂದೆ, ಪಟ್ಟಿಯ ಮೈಮೇಲೆ, ಮಸುಕಾಗಿ ಅಚ್ಚೊತ್ತಿದ ಅಂಕಿಗಳು ಕಂಡವು. ಅದರ ಫೋಟೋ ತೆಗೆದುಕೊಂಡು, ಬೀಡಿಂಗನ್ನು ಕೈಯಲ್ಲಿ ಹಿಡಿದು, ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆಗಿದ್ದ, ಕೆಲಸ ಒಪ್ಪಿಕೊಂಡವರ ಕಾರ್ಖಾನೆಗೆ ನಾನೂ ಹೋದೆ. ಅಲ್ಲಿ ಗೋಡೆಯುದ್ದಕ್ಕೂ ಬೇರೆ ಬೇರೆ ಪಟ್ಟಿಗಳ ಅಡ್ಡಕೊಯ್ತದ ತುಂಡುಗಳನ್ನು ನೇತುಹಾಕಿದ್ದರು. ಒಂದೊಂದನ್ನೇ ಇಳಿಸಿ ನಮ್ಮ ಬೀಡಿಂಗನ್ನು ಅದರ ತೋಡಿಗೆ ಒತ್ತಿ ನೋಡಿದರು. ಕೆಲವಕ್ಕೆ ಅದು ಸಡಿಲವಾಗಿ ಕೂತಿತು, ಕೆಲವಕ್ಕೆ ಇಳಿಯಲೇ ಇಲ್ಲ. 60 ಮಿ.ಮೀ. ದಪ್ಪದ ಒಂದು ಸರಣಿಯ ತುಂಡಿಗೆ ಒತ್ತಿದಾಗ ಚಟ್ಟೆಂಬ ಸದ್ದಿನೊಡನೆ ಕಚ್ಚಿಕೊಂಡಿತು, ಅಚ್ಚಿನ ಅಂಕಿಯೂ ತಾಳೆಯಾಯಿತು. ಆ ಸರಣಿಯ ಸ್ಯಾಷ್ ಪಟ್ಟಿ ಮಾರುಕಟ್ಟೆಯಲ್ಲಿ ಈಗಲೂ ಸಿಗುತ್ತದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂಗಡ ಕೊಟ್ಟೆ.

ಅಳತೆಯಲ್ಲಿ ಎರಡು ವಿಷಯಗಳನ್ನು ಮೊದಲೇ ತಿಳಿದುಕೊಂಡಿರಬೇಕು. ಹಳೆಯ ಗಾಜು ಹೊಸ ಸ್ಯಾಷಿಗೆ ಬರುವುದಿಲ್ಲ. ಸ್ಯಾಷ್ ತನ್ನದೇ ದಪ್ಪವನ್ನು ತೆಗೆದುಕೊಳ್ಳುವುದರಿಂದ ಗಾಜು ನಾಲ್ಕೂ ಕಡೆಯಿಂದ ಒಳಸರಿಯುತ್ತದೆ, ಆದರೆ ಟಫನ್ಡ್ ಗಾಜನ್ನು, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜನ್ನು, ಕತ್ತರಿಸಲಾಗದು. ಕತ್ತರಿಸಹೊರಟರೆ ಇಡೀ ಹಲಗೆ ಸಣ್ಣ ಹರಳುಗಳಾಗಿ ಪುಡಿಯಾಗುತ್ತದೆ. ಗಾಜಿನ ಮೂಲೆಯಲ್ಲಿ ಅಚ್ಚೊತ್ತಿದ ಗುರುತಿದ್ದರೆ ಅದು ಟಫನ್ಡ್ ಎಂದು ತಿಳಿಯಬೇಕು. ನಮ್ಮ ಹಳೆಯ ಗಾಜು ಈಗ ಅಪ್ಪನ ಮೇಜಿನ ಮೇಲೆ ಹಾಸಾಗಿದೆ. ಎರಡನೆಯದು ಬೆಳಕು. ಮೊದಲು ಚೌಕಟ್ಟಿನ ಪಟ್ಟಿ ಬಿಟ್ಟು ಕಾಣುತ್ತಿದ್ದ ಗಾಜು ಸುಮಾರು 780ಕ್ಕೆ 1080 ಮಿ.ಮೀ.; ಸ್ಯಾಷ್ ಬಂದ ಮೇಲೆ ಅದು ಸುಮಾರು 670ಕ್ಕೆ 970ಕ್ಕೆ ಇಳಿಯಿತು. ಎಂದರೆ ಹೆಚ್ಚುಕಡಿಮೆ ಕಾಲುಭಾಗ ಗಾಜು ಹೋಯಿತು. ಪಶ್ಚಿಮದ ಕಿಟಕಿಯಾದ್ದರಿಂದ ನಮಗೆ ಅದು ನಷ್ಟವೆನಿಸಲಿಲ್ಲ. ಮೊದಲೇ ಕತ್ತಲಾಗಿರುವ ಕೋಣೆಯಾದರೆ, ಅಥವಾ ಒಂದೂವರೆ ಅಡಿ ಅಗಲದ ಕಿರುಕಿಟಕಿಯಾದರೆ, ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿಯೇ ಮುಂದುವರಿಯುವುದು ಒಳ್ಳೆಯದು.

ಹೇಗೂ ಹೊಸ ಗಾಜು ಬೇಕಲ್ಲ, ಡಬಲ್ ಗಾಜನ್ನೇ ಹಾಕಿಸಿ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಗಾಜಿನ ತೂಕ ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ, ಎರಡೂವರೆ ಕಿಲೋ. ನಮ್ಮ ಅಳತೆಗೆ 6 ಮಿ.ಮೀ. ಒಂಟಿ ಗಾಜು ಸುಮಾರು 10 ಕಿಲೋ ತೂಗುತ್ತದೆ, 5 ಮಿ.ಮೀ.ನ ಎರಡು ಗಾಜುಗಳಾದರೆ 17 ಕಿಲೋ. ಯಂತ್ರಾಂಶಕ್ಕೆ ಅದೇನೂ ಭಾರವಲ್ಲ, ಆದರೆ ಒಂಟಿ ಗಾಜನ್ನು ಸುಮ್ಮನೆ ಹಿಡಿದು ನಿಲ್ಲಲೆಂದು ಮಾಡಿದ ಚೌಕಟ್ಟು ಇದು. ಅಲ್ಲದೆ ದಿನದ ಹೆಚ್ಚಿನ ಹೊತ್ತು ತೆರೆದಿಡಲೆಂದೇ ಮಾಡಿಸುತ್ತಿರುವ ಕಿಟಕಿಗೆ ಡಬಲ್ ಗಾಜಿನಿಂದ ಸಿಗುವ ಲಾಭ ಕಡಿಮೆ. 6 ಮಿ.ಮೀ. ಟಫನ್ಡ್ ಒಂಟಿ ಗಾಜನ್ನೇ ಹೇಳಿದೆ.

ಹಿಂಜ್ ಯಾವ ಕಡೆಗಿರಬೇಕೆಂಬುದನ್ನು ಮನೆಯಲ್ಲೇ ಕೂತು ತೀರ್ಮಾನಿಸಿದೆವು. ಒಳಕ್ಕೆ ತೆರೆಯುವ ಕಿಟಕಿ ಕೋಣೆಯ ಜಾಗವನ್ನು ಬೇಡುತ್ತದೆ. ಬಲಕ್ಕೆ ಅಡ್ಡಗೋಡೆಯಿದ್ದುದರಿಂದ ಹಿಂಜನ್ನು ಅಲ್ಲಿಗೇ ಇಟ್ಟರೆ ತೆರೆದ ಸ್ಯಾಷ್ ಗೋಡೆಯ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ, ಮಂಚದಿಂದ ಏಳುವ ಅಪ್ಪನ ತಲೆಗೆ ತಾಗುವುದಿಲ್ಲ. ಪರದೆಯ ಸರಳನ್ನು ಮೇಲಕ್ಕೂ ಎಡಕ್ಕೂ ಸರಿಸಬೇಕಾಯಿತು, ಏಕೆಂದರೆ ವಾಲಿಸಿದಾಗ ಸ್ಯಾಷಿನ ತಲೆ ಸರಳಿಗೆ ತಾಗುತ್ತಿತ್ತು.

ಸ್ಯಾಷ್ ತಯಾರಾಗುವುದು ಕಾರ್ಖಾನೆಯಲ್ಲೇ. ಚೌಕಟ್ಟಿನ ಮೆಟ್ಟಿಲಿಗೂ ಸ್ಯಾಷಿನ ಮೈಗೂ ನಡುವೆ ಸುತ್ತಲೂ 12 ಮಿ.ಮೀ. ಜಾಗ ಬಿಟ್ಟು, ಅದರಲ್ಲಿ ಬೀಗದ ಪಟ್ಟಿ ಓಡುವಂತೆ ಅಳತೆ ಹಾಕುತ್ತಾರೆ. ಸ್ಯಾಷಿನ ಒಳಅಂಚು ಚೌಕಟ್ಟಿನ ಮೇಲೆ 8 ಮಿ.ಮೀ.ನಷ್ಟು ಹೊದ್ದುಕೊಳ್ಳುತ್ತದೆ. ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದು, ಉಕ್ಕು ತೂರಿಸಿ, ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಫಲಕಕ್ಕೆ ತುದಿಗಳನ್ನು ಒತ್ತಿ ಕರಗಿಸಿ ಬೆಸೆಯುತ್ತಾರೆ. ಸ್ಥಳದಲ್ಲೇ ಸ್ಕ್ರೂ ಹಾಕಿ ಜೋಡಿಸಿಕೊಡುತ್ತೇವೆ ಎನ್ನುವವರೂ ಇದ್ದರು, ಅದಕ್ಕೆ ನಾನು ಕಿವಿಗೊಡಲಿಲ್ಲ.

ಕೂರಿಸುವ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹಳೆಯ ಚೌಕಟ್ಟಿನ ಮೇಲೆಯೇ ಕಳೆಯಿತು, ಹಾಗೆ ಕಳೆದದ್ದು ಸರಿಯೇ ಆಯಿತು. ಬೀಡಿಂಗ್ ತೆಗೆಯುವಾಗ ಉದ್ದನೆಯದರಿಂದ ಆರಂಭಿಸಬೇಕು: ತೆಳು ಅಲಗನ್ನು ಪಟ್ಟಿಯ ನಡುಮಧ್ಯದಲ್ಲಿ ಸಂದಿಗೆ ಇಳಿಸಿ ಮೆಲ್ಲಗೆ ತಿರುಚಿದರೆ ಅದು ಬಿಲ್ಲಿನಂತೆ ಬಾಗಿ ಈಚೆ ಬರುತ್ತದೆ, ಮೂಲೆಯಿಂದ ಎಬ್ಬಿಸಿದರೆ ತುದಿ ಮುರಿಯುತ್ತದೆ. ಗಾಜು ಇಳಿಸಿದ ಮೇಲೆ ಚೌಕಟ್ಟಿನ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆದು, ಕಂಬಗಳಿಗೆ ರಸಮಟ್ಟ ಹಿಡಿದು ನೋಡಿದರು. ಬಲಬುಡದ ಮೂಲೆ ಕೂದಲೆಳೆಯಷ್ಟು ಕೆಳಗಿತ್ತು. ಬೆರಳಿನಿಂದ ತಟ್ಟಿದಾಗ ಅಲ್ಲಿ ಟೊಳ್ಳು ಸದ್ದು: ಕೆಳಪಟ್ಟಿಗೂ ಗ್ರಾನೈಟಿಗೂ ನಡುವೆ ಸಿಲಿಕೋನ್ ಬಿಟ್ಟರೆ ಮತ್ತೇನೂ ಇರಲಿಲ್ಲ. ಹಿಂಜಿನ ಹೊರೆಯೆಲ್ಲ ಇಳಿಯುವುದು ಅದೇ ಮೂಲೆಗೆ. ಸಿಲಿಕೋನನ್ನು ಕೊಯ್ದು ತೆಗೆದು, ಗಟ್ಟಿ ಪ್ಲಾಸ್ಟಿಕ್ಕಿನ ಪ್ಯಾಕಿಂಗ್ ತುಂಡುಗಳನ್ನು ಕಂಬದ ನೇರ ಕೆಳಗೆ ತೂರಿಸಿ ಮೂಲೆಯನ್ನು ಮಟ್ಟಕ್ಕೆ ತಂದರು. ಬಲಗಂಬದಲ್ಲಿ ಹಳೆಯ ಬೋಲ್ಟುಗಳು ಎರಡೇ ಇದ್ದವು. ಮೂಲೆಗಳಿಂದ 150 ಮಿ.ಮೀ. ದೂರದಲ್ಲಿ, ಎರಡೂ ಹಿಂಜ್‌ಗಳ ಸಮೀಪ ಬರುವಂತೆ, ಉಕ್ಕನ್ನು ಹಾದು ಗೋಡೆಗೆ ಇಳಿಯುವ ಉದ್ದನೆಯ ಬೋಲ್ಟುಗಳನ್ನು ಹೊಸದಾಗಿ ಹಾಕಿದರು. ಕೆಳಪಟ್ಟಿಗೆ ಮಾತ್ರ ಮೇಲಿನಿಂದ ತೂತು ಕೊರೆಯಲಿಲ್ಲ; ಮಳೆನೀರು ಹರಿದುಹೋಗುವ ಕೋಣೆ ಅಲ್ಲಿಯೇ ಇರುವುದರಿಂದ ತೂತಿನ ಮೂಲಕ ನೀರು ಗೋಡೆಗೆ ಇಳಿಯುತ್ತದೆ.

ಸ್ಯಾಷನ್ನು ಹಿಂಜಿಗೆ ತೂಗುಹಾಕಿದ ಮೇಲೆ ಅದಕ್ಕೆ ಗಾಜು ಕೂರಿಸುವ ಕ್ರಮವನ್ನು ನಾನು ಹತ್ತಿರದಲ್ಲಿ ನಿಂತು ನೋಡಿದೆ, ಏಕೆಂದರೆ ಕಿಟಕಿ ಮುಂದೆ ಜೋಲುಬೀಳುವುದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಇಲ್ಲಿ. ತೆರೆಯದ ಕಿಟಕಿಯಲ್ಲಿ ಗಾಜಿನ ಕೆಳಗೆ ಎರಡೂ ತುದಿಗಳಿಗೆ ಒಂದೊಂದು ಪ್ಯಾಕಿಂಗ್ ಇಟ್ಟರೆ ಮುಗಿಯಿತು. ತೆರೆಯುವ ಸ್ಯಾಷಿನಲ್ಲಿ ಹಿಂಜಿನ ಕಡೆಯ ಕೆಳಮೂಲೆಯಲ್ಲಿ ಗಾಜು ಕೂರಬೇಕು, ಹ್ಯಾಂಡಲ್ ಕಡೆಯ ಮೇಲುಮೂಲೆಯಲ್ಲಿ ಸ್ಯಾಷಿಗೂ ಗಾಜಿಗೂ ನಡುವೆ ಪ್ಯಾಕಿಂಗ್ ಬಿಗಿಯಾಗಿ ನಿಲ್ಲಬೇಕು. ಆಗ ಸ್ಯಾಷಿನ ದೂರದ ಮೂಲೆ ಇಳಿಯಲು ನೋಡಿದರೂ ಗಾಜೇ ಅದನ್ನು ಕರ್ಣದ ಉದ್ದಕ್ಕೂ ಹಿಡಿದು, ತೂಕವನ್ನು ಕೆಳಗಿನ ಹಿಂಜಿಗೆ ಸಾಗಿಸುತ್ತದೆ. ಹಳ್ಳಿಯ ಮನೆಗಳ ಮರದ ಗೇಟಿಗೆ ಹೊಡೆಯುವ ಓರೆಪಟ್ಟಿ ಮಾಡುವ ಕೆಲಸವೇ ಇದು. ಹುಡುಗ ಬಲಬುಡದಲ್ಲಿ, ಮೂಲೆಯಿಂದ ಅಂಗೈ ಅಗಲದಷ್ಟು ದೂರಕ್ಕೆ, ನೀಲಿ ಪ್ಯಾಕಿಂಗ್ ಇಟ್ಟು ಗಾಜನ್ನು ಅದರ ಮೇಲೆ ಇಳಿಸಿದ. ಆಮೇಲೆ ಎಡಗಡೆಯ ಮೇಲುಮೂಲೆಯಲ್ಲಿ ಅಗಲ ಅಲಗಿನಿಂದ ಸ್ಯಾಷನ್ನು ಗಾಜಿನಿಂದ ತುಸುವೇ ಮೀಟಿ, ಬಿಟ್ಟುಕೊಂಡ ಸಂದಿಗೆ ಕೆಂಪು ತುಂಡೊಂದನ್ನು ತಳ್ಳಿದ. ಅಲಗನ್ನು ಈಚೆಗೆ ತೆಗೆದಾಗ ಅಲ್ಲಿಯವರೆಗೆ ಚೌಕಟ್ಟಿಗೆ ಸ್ವಲ್ಪ ಉಜ್ಜುತ್ತಿದ್ದ ಸ್ಯಾಷಿನ ಎಡಬುಡ ನಮ್ಮ ಕಣ್ಣೆದುರೇ ಮೇಲಕ್ಕೆದ್ದಿತು. ಕೆಳಗಿನ ಸಂದಿ ಎರಡೂ ತುದಿಗೆ ಒಂದೇ ಸಮನಾಯಿತು. ಬೀಡಿಂಗ್‌ಗಳನ್ನು ಈಗ ಗಿಡ್ಡನೆಯವು ಮೊದಲು, ಉದ್ದನೆಯವು ಕೊನೆಗೆ ಎಂಬಂತೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿದರು.

ಸ್ಯಾಷ್, ಗಾಜು, ಯಂತ್ರಾಂಶ ಸೇರಿ ಒಟ್ಟು ತೂಕ 20 ಕಿಲೋ ಆಸುಪಾಸು. ಪೂರ್ತಿ ತೆರೆದಾಗ ಈ ತೂಕವನ್ನು ಕೆಳಗಿನ ಹಿಂಜ್ ಹೊರುತ್ತದೆ, ಮೇಲಿನದನ್ನು ಸುಮಾರು 7 ಕಿಲೋದಷ್ಟು ಬಲ ಅಡ್ಡಕ್ಕೆ ಎಳೆಯುತ್ತಿರುತ್ತದೆ. ಸ್ಕ್ರೂ ಉಕ್ಕಿಗೇ ಕಚ್ಚಿರಬೇಕು ಎಂಬ ಒತ್ತಾಯ ಇದಕ್ಕಾಗಿ.

ಹೊಂದಾಣಿಕೆಗೆ 4 ಮಿ.ಮೀ.ನ ಅಲೆನ್ ಕೀ ಸಾಕು. ಕೆಳಗಿನ ಹಿಂಜಿನಲ್ಲಿ ಎತ್ತರವನ್ನೂ ಅಕ್ಕಪಕ್ಕವನ್ನೂ ಸರಿಪಡಿಸುವ ಸ್ಕ್ರೂಗಳಿವೆ. ಬೀಗದ ಗುಂಡಿಗಳನ್ನು ತಿರುಗಿಸಿದರೆ ರಬ್ಬರಿನ ಒತ್ತಡ ಹೆಚ್ಚುಕಡಿಮೆಯಾಗುತ್ತದೆ. ಒತ್ತಡ ಎಲ್ಲೆಡೆ ಸಮನಾಗಿದೆಯೇ ಎಂದು ನೋಡಲು ಕಾಗದದ ಪಟ್ಟಿಯೊಂದನ್ನು ಸಂದಿಯಲ್ಲಿಟ್ಟು ಕಿಟಕಿ ಮುಚ್ಚಿ ಎಳೆಯಬೇಕು. ಸುತ್ತಲೂ ಹೀಗೆ ಎಳೆಯುತ್ತ ಬಂದಾಗ ಮೇಲಿನ ಎಡಮೂಲೆಯೊಂದರಲ್ಲಿ ಕಾಗದ ಸಲೀಸಾಗಿ ಜಾರಿ ಬಂತು; ಆ ಕಡೆಯ ಗುಂಡಿಯನ್ನು ಸ್ವಲ್ಪ ತಿರುಗಿಸಿದ ಮೇಲೆ ಅಲ್ಲಿಯೂ ಬಿಗಿಯಾಯಿತು. ಕೊನೆಯದು ನೀರಿನ ಪರೀಕ್ಷೆ. ಕಿಟಕಿ ತೆರೆದು ಚೌಕಟ್ಟಿನ ಕೆಳಗಿನ ತೋಡಿಗೆ ಒಂದು ಚೊಂಬು ನೀರು ಸುರಿದಾಗ ಅದು ಇಳಿಯದೆ ನಿಂತಿತು. ಹೊರಮೈಯಲ್ಲಿರುವ ನೀರಿನ ಕಂಡಿಗಳನ್ನು ಹಿಂದೆ ಯಾರೋ ಬಣ್ಣ ಹೊಡೆಯುವಾಗ ಪುಟ್ಟಿಯಿಂದ ಮುಚ್ಚಿಬಿಟ್ಟಿದ್ದರು. ತೆರೆಯದ ಕಿಟಕಿಯಲ್ಲಿ ಅದು ಗಮನಕ್ಕೆ ಬರದೆ ನಡೆದಿರುತ್ತದೆ, ತೆರೆಯುವ ಕಿಟಕಿಯಲ್ಲಿ ಮೊದಲ ಬಿರುಮಳೆಗೇ ನೀರು ಒಳಗೆ ಉಕ್ಕುತ್ತದೆ. ಕಂಡಿಗಳನ್ನು ತಂತಿಯಿಂದ ಬಿಡಿಸಿ ಮತ್ತೊಂದು ಚೊಂಬು ಸುರಿದು, ಅದು ಹೊರಗೋಡೆಯ ಮೇಲೆ ಹರಿದುಹೋಗುವುದನ್ನು ನೋಡಿಯೇ ಸುತ್ತಲಿನ ಸಂದಿಗೆ ಸಿಲಿಕೋನ್ ಹಾಕಿಸಿದೆವು. ಹುಳಿವಾಸನೆ ಬರುವ ಸಿಲಿಕೋನ್ ಬೇಡ, ನ್ಯೂಟ್ರಲ್ ಎಂದು ಬರೆದಿರುವುದೇ ಆಗಬೇಕು ಎಂದು ಮೊದಲೇ ಹೇಳಿಟ್ಟಿದ್ದೆ.

ಹ್ಯಾಂಡಲಿನ ಬಳಕೆಯನ್ನು ಅಪ್ಪನಿಗೆ ಹುಡುಗನೇ ಕಲಿಸಿಕೊಟ್ಟ. “ಯಜಮಾನ್ರೇ, ಕೆಳಗಿದ್ರೆ ಬೀಗ, ಅಡ್ಡ ಇದ್ರೆ ಬಾಗಿಲು, ಮೇಲಿದ್ರೆ ಗಾಳಿಗೆ. ಬಾಗಿಲು ತೆಗೆದಿರುವಾಗ ಮಾತ್ರ ಹ್ಯಾಂಡಲ್ ಮೇಲಕ್ಕೆ ತಿರುಗಿಸಬೇಡಿ” ಎಂದ. ಹಾಗೆ ತಿರುಗಿಸಿದರೆ ಮೇಲಿನ ಹಿಡಿತ ಬಿಟ್ಟು ಸ್ಯಾಷ್ ಕೆಳಗಿನ ಒಂದೇ ಮೂಲೆಯಲ್ಲಿ ನಿಲ್ಲುವ ಅಪಾಯವಿದೆ. ಅದನ್ನು ತಡೆಯುವ ಸಣ್ಣ ಲಿವರ್ ನಮ್ಮ ಯಂತ್ರಾಂಶದಲ್ಲಿದೆ, ಕೊಳ್ಳುವಾಗ ಅದು ಇದೆಯೇ ಎಂದು ಕೇಳಿ ತೆಗೆದುಕೊಳ್ಳಬೇಕು.

ಸೊಳ್ಳೆಪರದೆಯನ್ನು ಒಳಗೆ ಹಾಕುವಂತಿಲ್ಲವಾದ್ದರಿಂದ ಗ್ರಿಲ್ಲಿಗೂ ಚೌಕಟ್ಟಿಗೂ ನಡುವಿನ ಎರಡು ಇಂಚಿನಲ್ಲಿ, ಒಳಗಿನಿಂದಲೇ ಕ್ಲಿಪ್ ಬಿಡಿಸಿ ತೆಗೆಯಬಹುದಾದ ತೆಳುಚೌಕಟ್ಟಿನ ಜಾಲರಿ ಮಾಡಿಸಿದೆವು, ನೀರಿನ ಕಂಡಿಗಳಿಗೆ ಅಡ್ಡ ಬರದಂತೆ. ಅದೇ ವಾರ ವೆಲ್ಡಿಂಗಿನವರನ್ನು ಕರೆಸಿ ಗ್ರಿಲ್ಲಿನ ನಡುಭಾಗವನ್ನು ಬಾಗಿಲಾಗಿ ಕೊಯ್ಸಿ, ಒಳಗಿನಿಂದ ತೆರೆಯುವ ಬೀಗ ಹಾಕಿಸಿ, ಬೀಗದ ಕೈಯನ್ನು ಅಪ್ಪನ ಕೈಗೆಟುಕುವ ಮೊಳೆಗೆ ತೂಗುಹಾಕಿದೆ. ಬೆಂಕಿಯೋ ಹೊಗೆಯೋ ಬಾಗಿಲನ್ನು ಕಟ್ಟಿಕೊಂಡರೆ ವಯಸ್ಸಾದವರಿಗೆ ಕಿಟಕಿಯೊಂದೇ ದಾರಿ. ಪೂರ್ತಿ ತೆರೆಯುವ ಕಿಟಕಿಯ ಹಿಂದೆ ತೆರೆಯದ ಗ್ರಿಲ್ ಇಟ್ಟುಕೊಳ್ಳುವುದು ನನಗೆ ಸರಿಕಾಣಲಿಲ್ಲ. ನಮ್ಮ ಬೀದಿಯ ಮನೆಗಳಲ್ಲಿ ಇದನ್ನು ಮಾಡಿಸಿಕೊಂಡವರು ತೀರ ಕಡಿಮೆ, ಮಾಡಿಸಿಕೊಳ್ಳಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಒಟ್ಟು ಖರ್ಚು ಹೊಸ ಕಿಟಕಿಗೆ ಕೇಳಿದ್ದ ದರಕ್ಕಿಂತ ಅಷ್ಟೇನೂ ಕಡಿಮೆಯಾಗಲಿಲ್ಲ. ತಪ್ಪಿದ್ದು ಗಾರೆ, ಗ್ರಾನೈಟು, ಬಣ್ಣದ ಖರ್ಚು ಮತ್ತು ಮನೆಯೊಳಗಿನ ಧೂಳು. ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ: 1200 ಮಿ.ಮೀ. ಉದ್ದದ ಪಟ್ಟಿ 25 ಡಿಗ್ರಿ ಕಾವೇರಿದರೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಆದ್ದರಿಂದ ಪಶ್ಚಿಮದ ಕಿಟಕಿಯನ್ನು ಕೂರಿಸಿದ ನಂತರದ ಮೊದಲ ಬೇಸಿಗೆಯಲ್ಲಿ, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ, ಮತ್ತೊಮ್ಮೆ ತೆರೆದು ಮುಚ್ಚಿ ನೋಡಬೇಕೆಂದು ಹೇಳಿದ್ದರು. ನೋಡಿದಾಗ ಹ್ಯಾಂಡಲ್ ತುಸು ಬಿಗಿಯೆನಿಸಿತು, ಅಲೆನ್ ಕೀಯನ್ನು ಕಾಲು ಸುತ್ತು ತಿರುಗಿಸಿದ ಮೇಲೆ ಸಲೀಸಾಯಿತು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಬೀಗದ ಗುಂಡಿಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ನೀರಿನ ಕಂಡಿಗಳಲ್ಲಿ ತಂತಿಯಾಡಿಸಿ, ರಬ್ಬರನ್ನು ಒದ್ದೆಬಟ್ಟೆಯಿಂದ ಒರೆಸುತ್ತೇನೆ. ಇದಕ್ಕಿಂತ ಹೆಚ್ಚಿನ ಆರೈಕೆಯನ್ನು ಅದು ಈವರೆಗೆ ಕೇಳಿಲ್ಲ.